ಕೊಡಗಿನ ವಿಚಿತ್ರ ಕೇಸೊಂದನ್ನ ಕೋರ್ಟ್ ಎಪಿಸೋಡ್ ಮಾಡೋದು ಹೇಗೆ

ಟೀವೀಲಿ ಕೋರ್ಟ್ ಸೀರಿಯಲ್ ನೋಡಿ ನಾವೂ ಒಂದು ಎಪಿಸೋಡ್ ಮಾಡೋಣ ಅನ್ನೋ ಹುಡುಗ್ರು ಮಡಿಕೇರಿ, ವಿರಾಜಪೇಟೆ ಕಡೆ ತುಂಬಾ ಇದಾರೆ. ಒಂದೇ ಮಾತು, ಕೊಲೆ ಕೇಸ್ ಬೇಡ, ನಮ್ಮ ಕೊಡಗಲ್ಲೇ ಅದಕ್ಕಿಂತ ಒಳ್ಳೆ ಕೇಸ್ ಇದಾವೆ.

ಉದಾಹರಣೆಗೆ ಕೊಡಗಿನ ಕೊನೇ ರಾಜ ಚಿಕ್ಕವೀರರಾಜೇಂದ್ರನ ಕೇಸ್. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ದಂಡೆತ್ತಿ ಬಂದು ಕೊಡಗನ್ನ ತಗೊಂಡು ರಾಜನ್ನ ಇಳಿಸ್ತು, ಆಮೇಲೆ ಕಾಶೀಲಿ ಇದ್ದ, 1852ರಲ್ಲಿ ಮಗಳು ಗೌರಮ್ಮನ್ನ ಕರ್ಕೊಂಡು ಇಂಗ್ಲೆಂಡಿಗೆ ಹೋದ, ಅಲ್ಲಿ ಕಂಪನಿ ಮೇಲೇ ಕೇಸ್ ಹಾಕ್ದ! ಕಂಪನಿ ಬರ್ಕೊಟ್ಟಿದ್ದ ಸಾಲಪತ್ರ ನನ್ನ ಹತ್ರ ಇತ್ತು, ಅದನ್ನೂ ಕಿತ್ಕೊಂಡ್ರು, ನನ್ನ ದುಡ್ಡು ಕೊಡಿ ಅಂತ. ಕೋರ್ಟ್ ಒಪ್ಲಿಲ್ಲ. ಇದು ವ್ಯಾಪಾರದ ಲೆಕ್ಕ ಅಲ್ಲ, ರಾಜ್ಯಾಧಿಕಾರ ಚಲಾಯಿಸಿ ತಗೊಂಡಿದ್ದು, ಹಂಗಾಗಿ ನಾವು ವಿಚಾರಣೆ ಮಾಡಕ್ಕಾಗಲ್ಲ ಅಂತು.

ಈಗ ಪೇಪರ್ ತಗೊಂಡು ಮೊದ್ಲು ಒಂದೇ ಒಂದು ಪ್ರಶ್ನೆ ಬರೀರಿ: ಸಾಲ ತಗೊಂಡವನೇ ಸೈನ್ಯ ತಂದು ಪತ್ರ ಕಿತ್ಕೊಂಡ್ರೆ ಸಾಲ ತೀರ್ತಾ? ಇಡೀ ಎಪಿಸೋಡ್ ನಿಲ್ಲೋದು ಇದರ ಮೇಲೆ. ಈ ಪ್ರಶ್ನೆಗೆ ಸಂಬಂಧ ಇಲ್ಲದ ಸೀನ್ ಎಷ್ಟೇ ಚೆನ್ನಾಗಿದ್ರೂ ತೆಗೀರಿ. ಆಮೇಲೆ ಎರಡೂ ಕಡೆ ವಾದ ಬರೀರಿ, ಕಂಪನಿ ವಕೀಲನ್ನ ವಿಲನ್ ಮಾಡ್ಬೇಡಿ, ಅವನ ವಾದ ಕೇಳ್ದಾಗ ನೋಡೋರಿಗೆ ಒಂದು ಕ್ಷಣ ಹೌದಲ್ವಾ ಅನ್ನಿಸ್ಬೇಕು, ಆಗ್ಲೇ ರಾಜನ ಸೋಲು ನೋವು ಕೊಡೋದು.

ಹಳೇ ಕಾಲದ ಬಟ್ಟೆ, ಸೆಟ್ ಎಲ್ಲ ಖರ್ಚು ಅಂದ್ರೆ ಕೋವಿ ಕೇಸ್ ಮಾಡಿ. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಕೊಳ್ಳೋ ವಿನಾಯ್ತಿ ಇದ್ಯಲ್ಲ, 2019ರಲ್ಲಿ ಕೇಂದ್ರ ಅದನ್ನ 2029ರವರೆಗೆ ಮುಂದುವರಿಸ್ತು, ಅದು ಸಮಾನತೆಗೆ ವಿರುದ್ಧ ಅಂತ ಹೈಕೋರ್ಟಿಗೆ ಹೋದ್ರು, 2021ರಲ್ಲಿ ಹೈಕೋರ್ಟ್ ವಿನಾಯ್ತಿ ಸರಿ ಅಂತ ಎತ್ತಿಹಿಡೀತು. ಮೊದಲ ಶಾಟ್ ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್ ದಿನದ್ದು ಇರ್ಲಿ, ಒರೆಸಿಟ್ಟ ಕೋವಿಗಳು, ನಳಿಗೆ ತುದೀಲಿ ತೋಕ್‌ಪೂ, ಅಂದ್ರೆ ಕೋವಿ ಹೂವು. ಡೈಲಾಗೇ ಬೇಡ, ಆ ಮನೆಗೆ ಕೋವಿ ಅಂದ್ರೆ ಏನು ಅಂತ ಗೊತ್ತಾಗುತ್ತೆ.

ಕೋರ್ಟ್ ಸೀನಲ್ಲಿ ಸುತ್ತಿಗೆ ಕುಟ್ಟಿಸ್ಬೇಡಿ, ನಮ್ಮ ಜಡ್ಜ್‌ಗಳು ಸುತ್ತಿಗೆ ಬಳಸಲ್ಲ. ಗೀತೆ ಮುಟ್ಟಿಸೋದೂ ಬೇಡ, ಜ್ಯೂರಿಯಂತೂ ಬೇಡ್ವೇ ಬೇಡ. ಹೈಕೋರ್ಟ್ ರಿಟ್ ಕೇಸಲ್ಲಿ (ಸರ್ಕಾರದ ಆದೇಶವನ್ನ ನೇರ ಹೈಕೋರ್ಟಲ್ಲೇ ಪ್ರಶ್ನಿಸೋ ಕೇಸ್, ಕೋವಿ ಕೇಸ್ ಥರದ್ದು) ಸಾಮಾನ್ಯವಾಗಿ ಸಾಕ್ಷಿಕಟ್ಟೆಯೂ ಇರಲ್ಲ, ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡೋ ಹೇಳಿಕೆ) ಮತ್ತೆ ವಾದ ಅಷ್ಟೆ. ಕೆಳಗಿನ ಕೋರ್ಟ್ ಸೀನ್ ಇದ್ರೆ ಸಾಕ್ಷಿ ಹೇಳಿದ್ದನ್ನ ಜಡ್ಜ್ ಡಿಕ್ಟೇಟ್ ಮಾಡ್ತಾರೆ, ಟೈಪ್ ಆಗುತ್ತೆ, ಸಾಕ್ಷಿ ಸುಮ್ನೆ ಕಾಯ್ತಾ ನಿಂತಿರ್ತಾನೆ. ಆ ಕಾಯೋದನ್ನ ತೋರ್ಸಿ, ಟೀವೀಲಿ ಯಾರೂ ತೋರ್ಸಲ್ಲ.

ಇದೆಲ್ಲ ತಿಳ್ಕೊಳ್ಳೋಕೆ ಮಡಿಕೇರಿ ಕೋರ್ಟಿಗೆ ಹೋಗಿ ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ, ಕೆಲವು ಸೂಕ್ಷ್ಮ ಕೇಸ್ ಬಿಟ್ರೆ ವಿಚಾರಣೆ ಸಾರ್ವಜನಿಕವಾಗೇ ನಡೆಯುತ್ತೆ. ಫೋನ್ ಆಫ್ ಇರ್ಲಿ, ರೆಕಾರ್ಡಿಂಗ್ ಬೇಡ. ಹೈಕೋರ್ಟ್ ಕಲಾಪ ಯೂಟ್ಯೂಬಲ್ಲಿ ಲೈವ್ ಬರುತ್ತೆ, ಆದ್ರೆ ಆ ಕ್ಲಿಪ್ ಕತ್ತರಿಸಿ ನಿಮ್ಮ ವಿಡಿಯೋಗೆ ಹಾಕೋ ಹಾಗಿಲ್ಲ. ಶೂಟಿಂಗಿಗೆ ಮುಂಚೆ ಗೊತ್ತಿರೋ ವಕೀಲರೊಬ್ಬರ ಹತ್ರ ಸ್ಕ್ರಿಪ್ಟ್ ಓದ್ಸಿ, ಅವರು ಪೆನ್ನಲ್ಲಿ ಹೊಡೆದು ಹಾಕಿದ ಸಾಲುಗಳನ್ನ ಮತ್ತೆ ಸೇರಿಸ್ಬೇಡಿ.