ಕಡಿಮೆ ಬಜೆಟ್ಟಿಗೆ ಅಸಲಿ ಕಲಾಕೃತಿ: ಆನ್‌ಲೈನ್‌ನಲ್ಲಿ ಪ್ರಿಂಟ್ ಕೊಳ್ಳುವುದು ಹೇಗೆ?

ಕಲಾಸಂಗ್ರಹ ಶುರುಮಾಡಲು ದೊಡ್ಡ ಕ್ಯಾನ್ವಾಸೇ ಬೇಕಿಲ್ಲ. ಲಿನೋಕಟ್ (ಲಿನೋಲಿಯಂ ಹಾಳೆ ಕೆತ್ತಿದ ಅಚ್ಚಿನದು), ವುಡ್‌ಕಟ್ (ಮರ ಕೆತ್ತಿದ್ದು), ಎಚಿಂಗ್ (ಲೋಹದ ತಗಡಿನಲ್ಲಿ ಆಸಿಡ್‌ನಿಂದ ಗೆರೆ ಕೊರೆದದ್ದು) ಎಂಬ ಪ್ರಿಂಟ್‌ಗಳನ್ನು ನೋಡಿ. ಕಲಾವಿದರು ಅಚ್ಚು ತಯಾರಿಸಿ, ಮಸಿ ಹಚ್ಚಿ, ಒಂದೊಂದಾಗಿ ಕಾಗದಕ್ಕೆ ಒತ್ತಿ ತೆಗೆಯುವುದರಿಂದ ಪ್ರತಿಯೊಂದೂ ಮೂಲಕೃತಿಯೇ. ಒಂದು ಅಚ್ಚಿನ ಶ್ರಮ ಹಲವು ಪ್ರತಿಗಳಿಗೆ ಹಂಚಿಹೋಗುವ ಕಾರಣ, ಅದೇ ಕಲಾವಿದರ ಪೇಂಟಿಂಗಿಗಿಂತ ಸಾಮಾನ್ಯವಾಗಿ ಬಹಳ ಅಗ್ಗ.

ಮೋಸ ಹೋಗುವುದು ‘ಲಿಮಿಟೆಡ್ ಎಡಿಷನ್’ (ಇಷ್ಟೇ ಪ್ರತಿ ಎಂದು ಮಿತಿ ಹಾಕಿದ್ದು) ಎಂಬ ಹೆಸರಿಗೆ. ಪೇಂಟಿಂಗಿನ ಫೋಟೊ ತೆಗೆದು ಇಂಕ್‌ಜೆಟ್‌ನಲ್ಲಿ ಮುದ್ರಿಸಿದ್ದನ್ನೂ ಹೀಗೆಯೇ ಮಾರುತ್ತಾರೆ. ‘ಜಿಕ್ಲೇ’ ಎಂದರೂ ಇಂಕ್‌ಜೆಟ್ಟೇ. ಹಣ ಕಳಿಸುವ ಮುಂಚೆ ಮೂರು ಫೋಟೊ ಕೇಳಿ: ಅಂಚು ಸಮೇತ ಇಡೀ ಹಾಳೆ, ಸಹಿಯ ಹತ್ತಿರದ ನೋಟ, ಪಕ್ಕದಿಂದ ಟಾರ್ಚ್ ಬಿಟ್ಟು ತೆಗೆದದ್ದು. ಎಚಿಂಗ್ ಆದರೆ ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಸಾಮಾನ್ಯವಾಗಿ ಕಾಣುತ್ತದೆ. ಸಹಿ ಪೆನ್ಸಿಲ್ಲಿನದಾದರೆ ಟಾರ್ಚ್ ಬೆಳಕಿಗೆ ಮಿನುಗುತ್ತದೆ. ಕೃತಿ ಕೈಸೇರಿದ ಮೇಲೆ 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಚಿತ್ರದ ತುಂಬ ಬಣ್ಣಬಣ್ಣದ ಸಣ್ಣ ಚುಕ್ಕೆಗಳಿದ್ದರೆ ಯಂತ್ರದ ಮುದ್ರಣ.

ಪ್ರಿಂಟಿನ ಮೇಲೆ ಬರೆದ 7/30 ಅಂದರೆ ಮೂವತ್ತರ ಎಡಿಷನ್ನಿನಲ್ಲಿ ಏಳನೆಯದು. 1/30 ಎಂಬ ಕಾರಣಕ್ಕೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ತಗಡನ್ನು ನೇರವಾಗಿ ಸೂಜಿಯಿಂದ ಗೀರಿ ಮಾಡುವ ಡ್ರೈಪಾಯಿಂಟ್ ಮಾತ್ರ ಬೇರೆ: ಸೂಜಿ ಗೀರಿದಾಗ ತಗಡಿನ ಮೇಲೆ ಏಳುವ ಲೋಹದ ಒರಟು ಪ್ರತಿ ಒತ್ತಿಗೂ ಸವೆಯುತ್ತದೆ, ಹಾಗಾಗಿ ಮೊದಮೊದಲ ಪ್ರತಿಗಳ ಗೆರೆಯೇ ಮೆತ್ತಗೆ, ಗಾಢವಾಗಿರುತ್ತದೆ. ‘ಎ/ಪಿ’ (ಆರ್ಟಿಸ್ಟ್ಸ್ ಪ್ರೂಫ್) ಎಂದರೆ ಕಲಾವಿದರು ತಮಗೆಂದು ಇಟ್ಟುಕೊಂಡ ಪ್ರತಿ, ಸಾಮಾನ್ಯವಾಗಿ ಎಡಿಷನ್ನಿನ ಶೇ 10ರಷ್ಟು. ಇದೇ ಅಚ್ಚಿನಿಂದ ಬೇರೆ ಬಣ್ಣದಲ್ಲಿ ಇನ್ನೊಂದು ಎಡಿಷನ್ ತೆಗೆಯುತ್ತೀರಾ ಎಂದು ಮುಲಾಜಿಲ್ಲದೆ ಕೇಳಿ. ಬಿಲ್ಲಿನಲ್ಲಿ ಶೀರ್ಷಿಕೆ, ಮಾಧ್ಯಮ, ವರ್ಷ, ಅಳತೆ, ಎಡಿಷನ್ ಸಂಖ್ಯೆ ಬರೆಸಿಕೊಳ್ಳಿ.

ಪರದೆಯಲ್ಲಷ್ಟೇ ನೋಡಿದರೆ ಕಣ್ಣು ಪಳಗುವುದಿಲ್ಲ. ಜನವರಿಯಲ್ಲಿ ಬೆಂಗಳೂರಿನ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೆ ಹೋಗಿ, ಇಷ್ಟವಾದವರ ಇನ್‌ಸ್ಟಾಗ್ರಾಂ ಹಿಡಿದು, ನೇರವಾಗಿ ಅವರಿಂದಲೇ ಕೊಳ್ಳಿ.

ಸಣ್ಣ ಪ್ರಿಂಟನ್ನು ಸುರುಳಿ ಸುತ್ತಿಸದೆ, ಎರಡು ಗಟ್ಟಿ ರಟ್ಟುಗಳ ನಡುವೆ ಚಪ್ಪಟೆಯಾಗಿ ಕಳಿಸಲು ಹೇಳಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ. ಫ್ರೇಮಿನವರು ಹಾಳೆಯನ್ನು ಫೆವಿಕಾಲ್ ಹಚ್ಚಿ ರಟ್ಟಿಗೆ ಅಂಟಿಸಿದರೆ ಅಲ್ಲಿಗೆ ಕೃತಿಯ ಬೆಲೆ ಹೋಯಿತು. ಆಸಿಡ್-ಫ್ರೀ ಮೌಂಟ್ (ಚಿತ್ರದ ಸುತ್ತ ಕೂರಿಸುವ, ಆಮ್ಲವಿಲ್ಲದ ರಟ್ಟು) ಹಾಕಿಸಿ. ಗಾಜು ಹಾಳೆಗೆ ತಾಗಬಾರದು, ಸಹಿ ಮೌಂಟಿನಡಿ ಮುಚ್ಚಿಹೋಗಬಾರದು. ಕರಾವಳಿ, ಮಲೆನಾಡಿನಲ್ಲಿ ಮಳೆ ಬಡಿಯುವ ಹೊರಗೋಡೆಗೆ ತೂಗುಹಾಕಿದರೆ ಬೂಷ್ಟು ಹಿಡಿಯುತ್ತದೆ. ಒಳಗೋಡೆ ಆರಿಸಿ, ಗಾಳಿಯಾಡುವಂತೆ ಫ್ರೇಮಿನ ಹಿಂದೆ ಕೆಳಮೂಲೆಗಳಿಗೆ ಬಿರಡೆಯ ತುಂಡು ಅಂಟಿಸಿ.