ಚೋಕ್ ಎಳೆದರೆ ಸುಮ್ಮನಾಗುತ್ತಿದ್ದ ಅಂಬಾಸಿಡರ್

ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ನಮ್ಮ ಅಂಬಾಸಿಡರ್‌ಗೆ ಚಳಿಜ್ವರ ಬರುತ್ತಿತ್ತು. ಸ್ಟೇರಿಂಗ್ ನಡುಗುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡೆರಡಾಗಿ ಕಾಣುತ್ತಿತ್ತು. ಹಸಿರು ದೀಪ ಬಂದು ಆಕ್ಸಿಲರೇಟರ್ ತುಳಿದರೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಹೊರಡುತ್ತಿತ್ತು.

ಗಾಡಿ 1983ರ ಮಾರ್ಕ್ 4, ಪೆಟ್ರೋಲ್, 1489 ಸಿಸಿ. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ನಾನು ಮೆಕ್ಯಾನಿಕ್ ಅಲ್ಲ, ಭಾನುವಾರ ಬಾನೆಟ್ ಎತ್ತಿ ಕೈ ಕಪ್ಪು ಮಾಡಿಕೊಳ್ಳುವವನು ಅಷ್ಟೇ. ಈ ಎಂಜಿನ್‌ನ ಒಂದು ಅನುಕೂಲ ಏನೆಂದರೆ ಇದು ಮೂಲದಲ್ಲಿ ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ-ಸೀರೀಸ್. ಇದೇ 1489 ಸಿಸಿ ಎಂಜಿನ್ ಅಲ್ಲಿನ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಹಾಗಾಗಿ ಆ ಕಡೆಯವರು ಬರೆದಿಟ್ಟ ಎಷ್ಟೋ ಮಾತು ನಮಗೂ ಹೊಂದುತ್ತದೆ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿದೆ. ನಮ್ಮದು ಸೋಲೆಕ್ಸ್ ಕಂಪನಿಯದು. ಅದರ ಪೈಲಟ್ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ತೆಗೆದು ಊದಿದೆ, ಫ್ಲೋಟ್ ಬೌಲ್ ತೊಳೆದೆ, ಮತ್ತೆ ಕೂರಿಸಿದೆ. ನಡುಕ ಹಾಗೇ ಇತ್ತು. ಮುಂದಿನ ವಾರ ಇನ್ನೊಮ್ಮೆ ಬಿಚ್ಚಿದೆ. ಮೂರನೇ ಸಲ ಬಿಚ್ಚಲು ಹೊರಟಾಗ ಜಗಲಿ ಮೇಲೆ ಕೂತಿದ್ದ ಅಪ್ಪ, "ಅದನ್ನ ಯಾಕೋ ಗೋಳು ಹುಯ್ಕೋತೀಯ? ಈಗಿನ ಪೆಟ್ರೋಲೇ ಸರಿ ಇಲ್ಲ" ಅಂದರು. ಎಥನಾಲ್ ಬೆರೆಸಲು ಶುರುವಾದ ಮೇಲೆ ಮನೆಯಲ್ಲಿ ಸೊಳ್ಳೆ ಜಾಸ್ತಿಯಾದರೂ ಅಪ್ಪ ಪೆಟ್ರೋಲನ್ನೇ ಬೈಯುತ್ತಾರೆ.

ಪೂರ್ತಿ ಸುಳ್ಳೂ ಅಲ್ಲ ಬಿಡಿ. ಎಥನಾಲ್ ಒಳಗೆ ಆಮ್ಲಜನಕ ಇರುವುದರಿಂದ ಹಳೇ ಜೆಟ್ ಅಳತೆಗೆ ಮಿಕ್ಸ್ಚರ್ ಸ್ವಲ್ಪ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲುವುದಿಲ್ಲ. ಹಳೇ ರಬ್ಬರ್ ಭಾಗಗಳಿಗೂ ಅದು ಆಗಿಬರುವುದಿಲ್ಲ. ಆದರೆ ಪೆಟ್ರೋಲ್ ನಾಲ್ಕೂ ಸಿಲಿಂಡರ್‌ಗೆ ಒಂದೇ ಅಲ್ವಾ? ನಮ್ಮ ಗಾಡಿ ನಾಲ್ಕರಲ್ಲೂ ಸಮನಾಗಿ ನಡುಗುತ್ತಿರಲಿಲ್ಲ. ಅದು ನನಗೆ ಗೊತ್ತಾಗಿದ್ದು ಆಮೇಲೆ.

ಕಾರ್ಬ್ಯುರೇಟರ್ ಬಿಟ್ಟು ಕರೆಂಟಿನ ಕಡೆ ತಿರುಗಿದೆ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ತೆಗೆದು ಒಳಗೆ ಬಿರುಕು ಇದೆಯಾ ನೋಡಿದೆ, ಇರಲಿಲ್ಲ. ಅದರೊಳಗಿನ ಪಾಯಿಂಟ್ ಗ್ಯಾಪ್ 15 ಥೌಗೆ, ಪ್ಲಗ್ ಗ್ಯಾಪ್ 25 ಥೌಗೆ ಇಟ್ಟೆ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು). ಕಂಡೆನ್ಸರ್ ಹೊಸದು ಹಾಕಿದೆ. ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ಮೇಲಿನ ಸಂದು, ಅದನ್ನೂ 15 ಥೌಗೆ ಸರಿ ಮಾಡಿದೆ. ಇದಕ್ಕೆ ಒಂಬತ್ತರ ಲೆಕ್ಕ ಅಂತ ಒಂದು ಚಂದದ ಉಪಾಯವಿದೆ. ಎಂಟನೇ ವಾಲ್ವ್ ಪೂರ್ತಿ ಕೆಳಗೆ ಒತ್ತಿದ್ದಾಗ ಒಂದನೆಯದನ್ನು ಅಳೆಯಿರಿ. ಏಳು ಒತ್ತಿದ್ದಾಗ ಎರಡನೆಯದು, ಆರು ಒತ್ತಿದ್ದಾಗ ಮೂರನೆಯದು. ಕೂಡಿದರೆ ಯಾವಾಗಲೂ ಒಂಬತ್ತು ಬರಬೇಕು. ಪುಸ್ತಕ ಬೇಡವೇ ಬೇಡ. ಇಷ್ಟೆಲ್ಲ ಆದ ಮೇಲೆ ಸದ್ದು ಸ್ವಲ್ಪ ಕಮ್ಮಿಯಾಯಿತು. ನಡುಕ ಹೋಗಲಿಲ್ಲ.

ಆಗ ಸುಮ್ನೆ ಕೂತು ಯೋಚನೆ ಮಾಡಿದೆ. ಇಷ್ಟು ಹೊತ್ತು ಗಾಡಿಗೆ ಏನಾಗಿದೆ ಅಂತ ಕೇಳಿರಲಿಲ್ಲ, ನನಗೆ ಗೊತ್ತಿದ್ದದ್ದನ್ನು ಬಿಚ್ಚುತ್ತಿದ್ದೆ ಅಷ್ಟೇ.

ಎಂಜಿನ್ ಓಡುತ್ತಿರುವಾಗ ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರ್‌ಗಳನ್ನು ಒಂದೊಂದಾಗಿ ಕಿತ್ತು, ತುದಿಯನ್ನು ಅರ್ಥ್‌ಗೆ ಮುಟ್ಟಿಸಿ ಹಿಡಿದೆ. ನಾಲ್ಕನೆಯದು ತೆಗೆದಾಗ ಎಂಜಿನ್ ನಿಂತೇ ಹೋಗುವಷ್ಟು ಕುಗ್ಗಿತು. ಮೂರನೆಯದೂ ಹಾಗೇ. ಎರಡನೆಯದು ತೆಗೆದರೆ ಸ್ವಲ್ಪ ಅಲುಗಿತು. ಒಂದನೆಯದು ತೆಗೆದರೆ ವ್ಯತ್ಯಾಸವೇ ಇಲ್ಲ ಅನ್ನಬಹುದು. ಅಂದರೆ ಮುಂದಿನ ಎರಡು ಸಿಲಿಂಡರ್ ಸ್ಲೋ ಸ್ಪೀಡಲ್ಲಿ (ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ) ಕೆಲಸವನ್ನೇ ಮಾಡುತ್ತಿಲ್ಲ! ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟೆ. ಮೂರು, ನಾಲ್ಕು ಚಹಾಪುಡಿ ಬಣ್ಣಕ್ಕಿದ್ದವು. ಒಂದು, ಎರಡು ಸುಣ್ಣದ ಹಾಗೆ ಬೆಳ್ಳಗೆ, ಅಂದರೆ ಅಲ್ಲಿ ಮಿಕ್ಸ್ಚರ್ ತೆಳುವಾಗಿತ್ತು. ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ನೋಡಿದೆ. ರೋಗ ಪ್ಲಗ್ ಜೊತೆ ಹೋಗಲಿಲ್ಲ, ಅದೇ ಸಿಲಿಂಡರ್‌ಗಳಲ್ಲಿ ಉಳಿಯಿತು.

ಪಕ್ಕಪಕ್ಕದ ಎರಡು ಸಿಲಿಂಡರ್ ಸೋತರೆ ಮೊದಲು ಭಯ ಆಗುವುದು ಎಂಜಿನ್ ಮುಚ್ಚಳದ ಕೆಳಗಿನ ಹೆಡ್ ಪ್ಯಾಕಿಂಗ್ (ಗ್ಯಾಸ್ಕೆಟ್) ಬಗ್ಗೆ. ನಡುವೆ ಸುಟ್ಟು ಹೋಗಿದ್ದರೆ ಎರಡಕ್ಕೂ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಇರುವುದಿಲ್ಲ. ನಮ್ಮ ಬೀದಿ ಕೊನೆಯ ಗ್ಯಾರೇಜಿನ ಮೇಸ್ತ್ರಿ ಹತ್ತಿರ ಗೇಜ್ ಇಸ್ಕೊಂಡು ಬಂದೆ. ನಾಲ್ಕೂ ಹೆಚ್ಚುಕಮ್ಮಿ ಒಂದೇ ತೋರಿಸಿತು. ಅಪ್ಪ ಕಾಫಿ ಕುಡಿಯುತ್ತಾ, "ಹೆಡ್ ಬಿಚ್ಚೋ ಖರ್ಚು ಉಳೀತಲ್ಲ, ಅಷ್ಟು ಸಾಕು" ಅಂದರು.

ಈ ಎಂಜಿನ್‌ನ ಹೊಟ್ಟೆ ಗೊತ್ತಿದ್ದರೆ ಮುಂದಿನದು ಸುಲಭ. ನಾಲ್ಕು ಸಿಲಿಂಡರ್‌ಗೆ ಗಾಳಿ ಒಳಗೆ ಹೋಗಲು ಇರುವುದು ಎರಡೇ ಬಾಗಿಲು. ಒಂದು-ಎರಡಕ್ಕೆ ಒಂದು, ಮೂರು-ನಾಲ್ಕಕ್ಕೆ ಇನ್ನೊಂದು. ಹೊಗೆ ಹೊರಗೆ ಹೋಗಲು ಮೂರು. ಐದೂ ಎಂಜಿನ್‌ನ ಎಡಗಡೆ ಒಂದೇ ಸಾಲಿನಲ್ಲಿವೆ, ಎಲ್ಲಕ್ಕೂ ಒಂದೇ ಪ್ಯಾಕಿಂಗ್. ಮುಂದಿನ ಬಾಗಿಲ ಹತ್ತಿರ ಸಣ್ಣ ಸಂದು ಬಿಟ್ಟರೂ ಅಲ್ಲಿಂದ ಲೆಕ್ಕಕ್ಕಿಲ್ಲದ ಗಾಳಿ ನುಗ್ಗಿ ಒಂದು, ಎರಡರ ಮಿಕ್ಸ್ಚರ್ ತೆಳುವಾಗುತ್ತದೆ. ಸ್ಲೋ ಸ್ಪೀಡಲ್ಲಿ, ಆಕ್ಸಿಲರೇಟರ್ ತುಳಿದರೆ ತೆರೆಯುವ ಥ್ರಾಟಲ್ ಮುಚ್ಚಿರುವಾಗ ಎಂಜಿನ್ ಎಳೆಯುವ ಗಾಳಿಯೇ ಸ್ವಲ್ಪ, ಅದರಲ್ಲಿ ಸಂದಿನ ಪಾಲು ದೊಡ್ಡದು. ಥ್ರಾಟಲ್ ತೆರೆದರೆ ಅದು ಯಾವ ಲೆಕ್ಕಕ್ಕೂ ಇಲ್ಲ. ರಸ್ತೆಯಲ್ಲಿ ಗಾಡಿ ಚೆನ್ನಾಗಿ ಓಡುತ್ತಿದ್ದದ್ದು ಅದಕ್ಕೇ.

ಆಗ ನೆನಪಾಯಿತು. ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದಾಗ ಗಾಡಿ ಹಸುವಿನ ಹಾಗೆ ನಿಲ್ಲುತ್ತಿತ್ತು. ಚೋಕ್ ಒಳಗೆ ತಳ್ಳಿದ ಮೇಲೆಯೇ ನಡುಕ. ಚೋಕ್ ಪೆಟ್ರೋಲ್ ಜಾಸ್ತಿ ಕೊಡುತ್ತದೆ, ಕಳ್ಳಗಾಳಿಗೆ ಅದು ಸರಿಹೋಗುತ್ತಿತ್ತು. ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಕಣ್ಣೆದುರೇ ಇದ್ದ ಸುಳಿವು ಇದು. ನಾನು ಗಾಡಿ ಬಿಸಿಯಾದ ಮೇಲೆ ಕೆಡುತ್ತಿದೆ ಅಂದುಕೊಂಡಿದ್ದೆ.

ಖಾತ್ರಿ ಮಾಡಿಕೊಳ್ಳಲು ಕೆಲವರು ಅಲ್ಲಿಗೆ ಪೆಟ್ರೋಲ್ ಚಿಮುಕಿಸುತ್ತಾರೆ. ದಯವಿಟ್ಟು ಬೇಡ. ಹೊಗೆ ಹೊರಗೆ ಒಯ್ಯುವ ಕೊಳವೆ, ಆ ಕೆಂಡದಂಥ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಒಂದು ಗೇಣು ದೂರದಲ್ಲೂ ಇಲ್ಲ. ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಕೂಡ ಹೊತ್ತಿಕೊಳ್ಳುತ್ತದೆ. ನಾನು ಇಸ್ತ್ರಿ ಮಾಡುವಾಗ ನೀರು ಹೊಡೆಯುವ ಬಾಟಲಿ ತಗೊಂಡು, ಗಾಡಿ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಮ್ಯಾನಿಫೋಲ್ಡ್ ಬಿಸಿಯಾಗುವ ಮೊದಲೇ ಪ್ಯಾಕಿಂಗ್ ಅಂಚಿಗೆ ಸಣ್ಣಗೆ ನೀರು ಬಿಟ್ಟೆ. ಹಿಂದಿನ ಬಾಗಿಲಿಗೆ ಬಿಟ್ಟರೆ ಏನೂ ಇಲ್ಲ. ಮುಂದಿನದರ ಕೆಳಗಡೆ ಬಿಟ್ಟೆ. ಎಂಜಿನ್ ಒಂದು ಕ್ಷಣ ದನಿ ಬದಲಿಸಿತು. ಮತ್ತೆ ಬಿಟ್ಟೆ, ಮತ್ತೆ ಬದಲಿಸಿತು. ಅಪ್ಪನನ್ನೂ ಕರೆದು ಕೇಳಿಸಿದೆ.

ಮ್ಯಾನಿಫೋಲ್ಡ್ ಬಿಚ್ಚಿದಾಗ ಕಾರಣ ಕೈಗೆ ಬಂತು. ಇದರಲ್ಲಿ ಕೆಲವು ನಟ್‌ಗಳು ಒಂದೇ ದಪ್ಪ ವಾಷರ್ ಮೂಲಕ ಎರಡು ಕಡೆ ಒತ್ತುತ್ತವೆ. ಒಂದು ಅಂಚು ಗಾಳಿ ಒಳಗೆ ಒಯ್ಯುವ ಇನ್‌ಲೆಟ್ ಮೇಲೆ, ಇನ್ನೊಂದು ಎಕ್ಸಾಸ್ಟ್ ಮೇಲೆ. ಹಿಂದೆ ಯಾರೋ ಬಿಚ್ಚಿದವರು ಮುಂದಿನ ಒಂದು ನಟ್‌ಗೆ ಮಾಮೂಲಿ ತೆಳು ವಾಷರ್ ಹಾಕಿದ್ದರು. ಅದು ತಟ್ಟೆಯ ಹಾಗೆ ಬಾಗಿ ಎಕ್ಸಾಸ್ಟನ್ನು ಮಾತ್ರ ಹಿಡಿದಿತ್ತು. ಹಳೇ ಪ್ಯಾಕಿಂಗ್ ಮೇಲೆ ಎಲ್ಲ ಕಡೆ ಒತ್ತಿದ ಅಚ್ಚಿತ್ತು, ಅಲ್ಲಿ ಮಾತ್ರ ಇರಲಿಲ್ಲ. ಧೂಳಿನ ಒಂದು ಗೆರೆ ಒಳಗೆ ಹೋಗಿತ್ತು.

ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಪ್ಯಾಕಿಂಗ್ ತಂದೆ. ವಾಷರ್ ಸಿಗಲಿಲ್ಲ. ಲೇತ್ ಅಂಗಡಿಯವರು ದಪ್ಪ ಪಟ್ಟಿಯಿಂದ ಒಂದು ಮಾಡಿಕೊಟ್ಟರು, ಎಂಬತ್ತು ರೂಪಾಯಿ ತಗೊಂಡರು. ಇನ್‌ಲೆಟ್, ಎಕ್ಸಾಸ್ಟ್ ಎರಡರ ಫ್ಲಾಂಜ್ (ವಾಷರ್ ಒತ್ತುವ ಅಂಚು) ಸಮ ಇದೆಯಾ ಅಂತ ಸ್ಟೀಲ್ ಸ್ಕೇಲ್ ಇಟ್ಟು ನೋಡಿದೆ. ಅದು ಏರುಪೇರಿದ್ದರೆ ಎಂಥ ವಾಷರ್ ಹಾಕಿದರೂ ಒಂದು ಕಡೆ ಬಿಟ್ಟುಕೊಳ್ಳುತ್ತದೆ. ನಟ್‌ಗಳನ್ನು ನಡುವಿನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಒಂದೇ ಸಲ ಜೋರು ಮಾಡಿದರೆ ಸ್ಟಡ್ಡೇ ಕಿತ್ತು ಕೈಗೆ ಬರುತ್ತದೆ. ಗಾಡಿ ಎರಡು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೊಮ್ಮೆ ಬಿಗಿ ನೋಡಿದೆ. ಹೌದು, ಅಷ್ಟರಲ್ಲಿ ಕಾಲು ಸುತ್ತು ಸಡಿಲವಾಗಿತ್ತು.

ಆಮೇಲಷ್ಟೇ ಕಾರ್ಬ್ಯುರೇಟರ್‌ನ ಮಿಕ್ಸ್ಚರ್ ಸ್ಕ್ರೂಗೆ ಕೈ ಹಾಕಿದೆ. ಮೊದಲಿಗಿಂತ ಅರ್ಧ ಸುತ್ತು ಜಾಸ್ತಿ ತೆರೆದಾಗ ಸದ್ದು ಚೆನ್ನಾಗಿ ಕೂತಿತು. ಅದು ಈಗಿನ ಪೆಟ್ರೋಲ್‌ನ ಪಾಲು ಅಂತ ಅಪ್ಪನ ಮುಂದೆ ನಾನು ಒಪ್ಪಿಕೊಳ್ಳಬೇಕಾಯಿತು. ಈಗಲೂ ಗಾಡಿ ಹೊಲಿಗೆ ಮೆಷಿನ್‌ನಂತೇನೂ ನಿಲ್ಲುವುದಿಲ್ಲ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-3-4-2. ಅದರಲ್ಲಿ ಎರಡರ ಹಿಂದೆಯೇ ಒಂದರ ಸರದಿ, ಬಾಗಿಲೂ ಎರಡಕ್ಕೂ ಒಂದೇ. ಒಬ್ಬರ ಗಾಳಿ ಇನ್ನೊಬ್ಬರು ಕದಿಯುತ್ತಾರೆ. ಅಷ್ಟು ಅಲುಗಾಟ ಈ ಎಂಜಿನ್‌ಗೆ ಹುಟ್ಟುಗುಣ.

ಅಂದಹಾಗೆ ಆ ಹೊಸ ಕಂಡೆನ್ಸರ್ ಮೂರು ವಾರಕ್ಕೆ ದಾರಿ ಮಧ್ಯೆ ಕೈಕೊಟ್ಟಿತು. ಡಿಕ್ಕಿಯಲ್ಲಿದ್ದ ಹಳೆಯದನ್ನೇ ಮತ್ತೆ ಹಾಕಿದೆ. ಇವತ್ತಿಗೂ ಅದೇ ಓಡುತ್ತಿದೆ.