ಬಸವನಗುಡಿಯಲ್ಲಿ ಕೂತು ಅಮೆರಿಕದ ಕಾಲೇಜಿನ ಕ್ಲಾಸ್ ಹಿಡಿಯುವುದು ಹೇಗೆ?

ವೀಸಾ ಬಂತು, ಸೂಟ್‌ಕೇಸ್ ಬಂತು, ಚಟ್ನಿಪುಡಿನೂ ರೆಡಿ. ಅಷ್ಟರಲ್ಲಿ ಕಾಲೇಜಿನಿಂದ ಒಂದು ಇಮೇಲ್: ಮೊದಲ ಸೆಮಿಸ್ಟರ್‌ನ ಕ್ಲಾಸ್‌ಗಳನ್ನು ನೀವೇ ಆರಿಸಿಕೊಳ್ಳಿ. ಪಿಯುಸಿ ಮುಗಿಯುವವರೆಗೂ ನೋಟಿಸ್ ಬೋರ್ಡ್ ನೋಡಿ ಟೈಮ್‌ಟೇಬಲ್ ಬರೆದುಕೊಂಡ ಮಕ್ಕಳಿಗೆ ಇದು ಹೊಸ ತಲೆನೋವು. ಹೋದ ವರ್ಷ ನಮ್ಮಕ್ಕನ ಮಗಳು ಫೋನ್ ಮಾಡಿ, 'ಚಿಕ್ಕಮ್ಮಾ, ಇಲ್ಲಿ ಕ್ಯಾಲ್ಕುಲಸ್ಸೇ ನಾಲ್ಕು ಥರ ಇದೆ, ಯಾವುದು ತಗೊಳ್ಳಲಿ?' ಅಂದಳು. ಇಬ್ಬರೂ ಸೇರಿ ಎರಡು ವಾರ ಒದ್ದಾಡಿದೆವು. ಅದರಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು 'ಹೋಲ್ಡ್' ತೆಗೆಸಿ

ಕಾಲೇಜಿನ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿಗೆ 'ಹೋಲ್ಡ್', ಅಂದರೆ ತಡೆ, ಬಿದ್ದಿದ್ದರೆ ಒಂದು ಕ್ಲಾಸೂ ಸಿಗುವುದಿಲ್ಲ. ಜಾಸ್ತಿ ಜನ ಸಿಕ್ಕಿಬೀಳುವುದು ಲಸಿಕೆಯಲ್ಲಿ. ಎಷ್ಟೋ ಕಾಲೇಜುಗಳು ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯ ಎರಡು ಡೋಸ್ ಕೇಳುತ್ತವೆ. ನಮ್ಮ ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಕೊಡುವುದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾಗೆ ಮಾತ್ರ. ಮಂಗನಬಾವು ಅದರಲ್ಲಿ ಸೇರಿಲ್ಲ. ಎರಡು ಡೋಸ್ ನಡುವೆ ಕನಿಷ್ಠ 28 ದಿನ ಬೇಕು. ಆದ್ದರಿಂದ ಬೀರುವಿನಲ್ಲಿರುವ ಹಳೇ ವ್ಯಾಕ್ಸಿನ್ ಕಾರ್ಡನ್ನು ಇವತ್ತೇ ಹುಡುಕಿ.

ಇನ್ನೊಂದು ವಿಷಯ. ಲಾಗಿನ್ ಆಗಲು ಬರುವ ಓಟಿಪಿಯನ್ನು ಬೆಂಗಳೂರಿನ ಸಿಮ್‌ಗೆ ಮಾತ್ರ ಬರುವ ಹಾಗೆ ಇಡಬೇಡಿ. ಅಲ್ಲಿಗೆ ಹೋಗಿ ಸಿಮ್ ಬದಲಿಸಿದ ದಿನವೇ ಪೋರ್ಟಲ್ ಬಾಗಿಲು ಹಾಕಿಕೊಳ್ಳುತ್ತದೆ. ಕಾಲೇಜು ಹೇಳುವ ಆ್ಯಪ್ ಹಾಕಿಕೊಂಡು, ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಯಾವ ಕ್ಯಾಲ್ಕುಲಸ್?

ಹೆಸರಲ್ಲಿ ಕ್ಯಾಲ್ಕುಲಸ್ ಅಂತ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯನ್ನೇ ನೋಡಿ. ಅಲ್ಲಿ ಎಂಎಟಿ 210 ಅನ್ನುವುದು 'ಬ್ರೀಫ್ ಕ್ಯಾಲ್ಕುಲಸ್'. ಎಂಎಟಿ 265 ಇರುವುದು ಎಂಜಿನಿಯರ್‌ಗಳಿಗೆ, ಅದಕ್ಕೆ 3 ಕ್ರೆಡಿಟ್ (ಕ್ರೆಡಿಟ್ ಅಂದರೆ ಕೋರ್ಸಿನ ತೂಕದ ಲೆಕ್ಕ). ಎಂಎಟಿ 270 ಅನ್ನುವ ಇನ್ನೊಂದು ಕ್ಯಾಲ್ಕುಲಸ್‌ಗೆ 4 ಕ್ರೆಡಿಟ್. ಬ್ರೀಫ್, ಬಿಸಿನೆಸ್ ಅಂತ ಹೆಸರಿರುವ ಕೋರ್ಸ್‌ಗಳಿಂದ ಸಾಮಾನ್ಯವಾಗಿ ಕ್ಯಾಲ್ಕುಲಸ್-2ಕ್ಕೆ ದಾರಿ ಇರುವುದಿಲ್ಲ. ಎಂಜಿನಿಯರಿಂಗ್ ಅಥವಾ ಕಂಪ್ಯೂಟರ್ ಸೈನ್ಸ್ ಹುಡುಗರು ಸುಲಭ ಅಂತ ಅದನ್ನು ಹಿಡಿದರೆ ಒಂದು ಸೆಮಿಸ್ಟರ್ ನೀರಲ್ಲಿ ಹೋಮ. ನಿಮ್ಮ ಮೇಜರ್‌ನ (ಮುಖ್ಯ ವಿಷಯದ) ಡಿಗ್ರಿ ಪಟ್ಟಿಯಲ್ಲಿ ಯಾವ ನಂಬರ್ ಇದೆಯೋ ಅದನ್ನೇ ನೋಡಿ.

ಪರ್ಡ್ಯೂ ಯೂನಿವರ್ಸಿಟಿಯಲ್ಲಿ ಇನ್ನೊಂದು ತಮಾಷೆ. ಎಂಎ 16100ಕ್ಕೆ 5 ಕ್ರೆಡಿಟ್, 16500ಕ್ಕೆ 4. ಜಾಸ್ತಿ ಕ್ರೆಡಿಟ್ ಇದ್ದರೆ ದೊಡ್ಡ ಕೋರ್ಸ್ ಅನಿಸುತ್ತೆ, ಅಲ್ವಾ? ಆದರೆ 16100 ಇರುವುದು ಹೈಸ್ಕೂಲಿನಲ್ಲಿ ಕ್ಯಾಲ್ಕುಲಸ್ ಸರಿಯಾಗಿ ಕಲಿಯದವರಿಗೆ. ಅಲ್ಲಿಯವರ ಹೈಸ್ಕೂಲ್ ಅಂದರೆ ನಮ್ಮ ಪಿಯುಸಿಯೂ ಸೇರಿದ ಹಾಗೆ.

ಆಮೇಲೆ ಪ್ಲೇಸ್‌ಮೆಂಟ್ ಟೆಸ್ಟ್. ಇದು ಕೆಲಸ ಕೊಡಿಸುವ ಪ್ಲೇಸ್‌ಮೆಂಟ್ ಅಲ್ಲ, ಯಾವ ಗಣಿತದ ಕ್ಲಾಸಿಗೆ ಕೂರಿಸಬೇಕು ಅಂತ ನೋಡುವ ಪರೀಕ್ಷೆ. ಹಲವು ಕಾಲೇಜುಗಳು ಇದಕ್ಕೆ ಅಲೆಕ್ಸ್ ಪಿಪಿಎಲ್ ಅನ್ನುವ ಆನ್‌ಲೈನ್ ಟೆಸ್ಟ್ ಬಳಸುತ್ತವೆ. ಗರಿಷ್ಠ 30 ಪ್ರಶ್ನೆ, ಬಹುಪಾಲು ಉತ್ತರವನ್ನು ನೀವೇ ಟೈಪ್ ಮಾಡಬೇಕು. ಸೆಕೆಂಡ್ ಪಿಯುನಲ್ಲಿ ಇಂಟಿಗ್ರೇಷನ್ ಅರೆದು ಕುಡಿದವರಿಗೆ ಇಲ್ಲೊಂದು ಆಶ್ಚರ್ಯ ಕಾದಿರುತ್ತೆ: ಆ ಪರೀಕ್ಷೆ ಪ್ರೀಕ್ಯಾಲ್ಕುಲಸ್‌ಗೇ, ಅಂದರೆ ಕ್ಯಾಲ್ಕುಲಸ್‌ಗೆ ಮುಂಚಿನ ಗಣಿತಕ್ಕೇ, ನಿಂತುಬಿಡುತ್ತದೆ. ಎಷ್ಟೇ ಜಾಸ್ತಿ ಅಂಕ ಬಂದರೂ ಅದು ತೆಗೆಯುವುದು ಕ್ಯಾಲ್ಕುಲಸ್-1ರ ಬಾಗಿಲು ಮಾತ್ರ. ಅದನ್ನು ದಾಟಿ ಹೋಗಬೇಕಾದರೆ ಎಪಿ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ) ಪರೀಕ್ಷೆಯ ಅಂಕವೋ, ಗಣಿತ ವಿಭಾಗವೇ ನಡೆಸುವ ಪರೀಕ್ಷೆಯೋ ಬೇಕು. ಅಂಥ ಪರೀಕ್ಷೆ ಇದೆಯಾ ಅಂತ ಅಡ್ವೈಸರ್‌ಗೆ ಇಮೇಲ್ ಮಾಡಿ ಕೇಳಿ.

ದಾಟಬೇಕಾ ಅನ್ನುವುದೇ ದೊಡ್ಡ ಪ್ರಶ್ನೆ. 'ನಮ್ಮ ಹುಡುಗನಿಗೆ ಮ್ಯಾಥ್ಸ್‌ನಲ್ಲಿ ನೂರಕ್ಕೆ ನೂರು' ಅಂತ ಮನೆಯವರು ಕುಣಿಯುತ್ತಾರೆ. ನಾನು ಸೋದರಿ ಮಗಳಿಗೆ ಹೇಳಿದ್ದು ಬೇರೆ. ಎಂಐಟಿ ಓಪನ್‌ಕೋರ್ಸ್‌ವೇರ್ ಅನ್ನುವ ವೆಬ್‌ಸೈಟ್‌ನಲ್ಲಿ 18.01 ಅನ್ನುವ ಕ್ಯಾಲ್ಕುಲಸ್ ಕೋರ್ಸಿನ ಹಳೇ ಪರೀಕ್ಷೆಗಳು ಉತ್ತರದ ಸಮೇತ ಬಿಟ್ಟಿ ಸಿಗುತ್ತವೆ. ಡೈನಿಂಗ್ ಟೇಬಲ್ ಮೇಲೆ ಗಡಿಯಾರ ಇಟ್ಟುಕೊಂಡು, ಕ್ಯಾಲ್ಕುಲೇಟರ್ ಇಲ್ಲದೆ ಒಂದನ್ನು ಬರೆದು ನೋಡು ಅಂದೆ. ಸೂತ್ರ ಹಾಕುವ ಲೆಕ್ಕಗಳನ್ನು ಚಕಚಕನೆ ಮುಗಿಸಿದಳು. 'ಯಾಕೆ ಅಂತ ವಿವರಿಸಿ' ಅಂದಲ್ಲಿ ಪೆನ್ ನಿಂತುಹೋಯಿತು. ಕ್ಯಾಲ್ಕುಲಸ್-2ರಲ್ಲಿ ಅನಂತ ಶ್ರೇಣಿ, ಟೇಲರ್ ಶ್ರೇಣಿ ಬರುತ್ತವೆ. ಒಂದು ಶ್ರೇಣಿ ಒಂದು ಬೆಲೆಗೆ ಬಂದು ನಿಲ್ಲುತ್ತದೋ ಇಲ್ಲವೋ ಅಂತ ನೋಡುವ ಪರೀಕ್ಷೆಗಳನ್ನು ಪಿಯುಸಿಯಲ್ಲಿ ಮಾಡಿಸಿರುವುದಿಲ್ಲ. ಅವಳು ಕ್ಯಾಲ್ಕುಲಸ್-1ನ್ನೇ ತಗೊಂಡಳು. ನೀವು ಆ ಪೇಪರ್‌ನಲ್ಲಿ 80ರ ಮೇಲೆ ತೆಗೆದರೆ ಮುಂದಿನದಕ್ಕೆ ಹೋಗಿ, ಸುಮ್ನೆ ಕಾಲ ಕಳೆಯಬೇಡಿ.

ಸೀಟು ಹಿಡಿಯುವ ದಿನ

ಇದು ಕೆಇಎ ಆಪ್ಷನ್ ಎಂಟ್ರಿ ಥರ ಅಲ್ಲ, ತತ್ಕಾಲ್ ಟಿಕೆಟ್ ಥರ. ಮೊದಲು ಒತ್ತಿದವರಿಗೆ ಸೀಟು. ಬೇಸಿಗೆಯಲ್ಲಿ ನ್ಯೂಯಾರ್ಕ್ ಕಡೆಯ ಬೆಳಿಗ್ಗೆ 8 ಅಂದರೆ ನಮಗೆ ಸಂಜೆ 5.30. ಕ್ಯಾಲಿಫೋರ್ನಿಯಾದ 8 ಅಂದರೆ ರಾತ್ರಿ 8.30. ನಮ್ಮ ಮನೆಯಲ್ಲಿ ಸರಿಯಾಗಿ ಆ ಹೊತ್ತಿಗೇ ಕರೆಂಟ್ ಹೋಯಿತು. ಮೊಬೈಲ್ ಹಾಟ್‌ಸ್ಪಾಟ್ ರೆಡಿ ಇಟ್ಟುಕೊಳ್ಳಿ.

ಹಿಂದಿನ ದಿನವೇ ಕ್ಲಾಸ್‌ಗಳನ್ನು ಕಾರ್ಟ್‌ಗೆ ಹಾಕಿಡಿ. ಕಾರ್ಟ್‌ನಲ್ಲಿದ್ದರೆ ಸೀಟು ಸಿಕ್ಕ ಹಾಗಲ್ಲ, ಎನ್‌ರೋಲ್ ಒತ್ತಲೇಬೇಕು. ಕ್ಯಾಲ್ಕುಲಸ್‌ಗೆ ಲೆಕ್ಚರ್ ಒಂದು, ಟಿಎ (ಟೀಚಿಂಗ್ ಅಸಿಸ್ಟೆಂಟ್) ನಡೆಸುವ ಡಿಸ್ಕಷನ್ ಒಂದು ಇದ್ದರೆ ಎರಡೂ ಸೇರಿಯೇ ಬರಬೇಕು. ಎರಡು ಸೆಕ್ಷನ್ ಮನಸ್ಸಿನಲ್ಲಿರಲಿ, ಒಂದು ತುಂಬಿದರೆ ಇನ್ನೊಂದು. ಟೈಮ್‌ಟೇಬಲ್‌ನಲ್ಲಿ 'ಟಿಆರ್' ಅಂತ ಕಂಡರೆ ಗಾಬರಿ ಬೇಡ: ಟಿ ಮಂಗಳವಾರ, ಆರ್ ಗುರುವಾರ. ನಾವು ಅರ್ಧ ಗಂಟೆ ಆರ್ ಅಂದರೆ ರವಿವಾರ ಅಂದುಕೊಂಡಿದ್ದೆವು!

ಎಫ್-1 ವೀಸಾದ ಡಿಗ್ರಿ ವಿದ್ಯಾರ್ಥಿಗೆ ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ ಇರಬೇಕು. ಪೂರ್ತಿ ಆನ್‌ಲೈನ್ ಕ್ಲಾಸ್‌ಗಳಲ್ಲಿ ಒಂದು ಮಾತ್ರ, ಅದೂ 3 ಕ್ರೆಡಿಟ್‌ವರೆಗೆ, ಆ ಲೆಕ್ಕಕ್ಕೆ ಬರುತ್ತದೆ. 14-15 ಹಾಕಿಕೊಂಡರೆ ಉಸಿರಾಡಲು ಜಾಗ ಇರುತ್ತದೆ. ಕ್ಯಾಲ್ಕುಲಸ್ ಕೈಗೆ ಹತ್ತದಿದ್ದರೆ ಆಡ್-ಡ್ರಾಪ್, ಅಂದರೆ ಕ್ಲಾಸ್ ಸೇರಿಸುವ-ಬಿಡುವ, ದಿನಗಳು ಮುಗಿಯುವ ಮೊದಲೇ ಬದಲಿಸಿ. ಆಮೇಲೆ ಬಿಟ್ಟರೆ ಅಂಕಪಟ್ಟಿಯಲ್ಲಿ 'ಡಬ್ಲ್ಯೂ' (ವಿತ್‌ಡ್ರಾ, ಅಂದರೆ ಮಧ್ಯದಲ್ಲಿ ಬಿಟ್ಟದ್ದು) ಉಳಿಯುತ್ತದೆ. ಬಿಡುವುದರಿಂದ 12ಕ್ಕಿಂತ ಕೆಳಗೆ ಇಳಿಯುವ ಹಾಗಿದ್ದರೆ, ಡ್ರಾಪ್ ಒತ್ತುವ ಮೊದಲೇ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನ ಒಪ್ಪಿಗೆ ಪಡೆಯಿರಿ.